ಸವಕಳಿ ಲೆಕ್ಕ ಮತ್ತು ಒಬ್ಬ ವಿಜ್ಞಾನಿ

ಕಳೆದ ವರ್ಷ ಮಧ್ಯವಾರ್ಷಿಕ ಪರೀಕ್ಷೆಯ ಲೆಕ್ಕಶಾಸ್ತ್ರದ ದಿನ. ದೊಡ್ಡ ಪ್ರಶ್ನೆ ಸವಕಳಿಯದ್ದೇ ಬಂದಿತ್ತು. ಹಿಂದಿನ ರಾತ್ರಿ ಅದೇ ಮಾದರಿಯ ಲೆಕ್ಕವನ್ನು ಮೂರು ಸಲ ಮಾಡಿದ್ದೆ. ಆದರೆ ಪೆನ್ನು ಹಿಡಿದಾಗ ತಲೆಯಲ್ಲಿ ಏನೂ ಇರಲಿಲ್ಲ. ಯಂತ್ರದ ಬೆಲೆಯಿಂದ ಏನನ್ನು ಕಳೆಯಬೇಕು, ಯಾವುದರಿಂದ ಭಾಗಿಸಬೇಕು ಎಂಬುದೇ ಮರೆತುಹೋಗಿತ್ತು. ಅಂಗೈ ಬೆವರಿ ಉತ್ತರಪತ್ರಿಕೆ ಒದ್ದೆಯಾಯಿತು. ಪತ್ರಿಕೆ ಕೊಟ್ಟು ಹೊರಗೆ ಬಂದು, ನಲ್ಲಿಯ ಹತ್ತಿರ ನೀರು ಕುಡಿಯುವಾಗ ಇಡೀ ಲೆಕ್ಕ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನೆನಪಾಯಿತು!

ಮನೆಗೆ ಬಂದು ಅತ್ತೆ. ಅಮ್ಮಿ ತಲೆ ಸವರಿ, "ಟೆನ್ಶನ್ ನಕ್ಕೋ ಲೇ" ಅಂದರು. ನಮ್ಮ ಮನೆಯಲ್ಲಿ ಆಡುವುದು ದಖನಿ ಉರ್ದು. ಅದರಲ್ಲೂ ಈ ಟೆನ್ಶನ್ ಎಂಬ ಪದ ಮನೆಯ ಸದಸ್ಯನ ಹಾಗೆ ಸೇರಿಕೊಂಡಿದೆ. ಅಬ್ಬಾ ಗೂಡ್ಸ್ ಆಟೊ ಓಡಿಸುತ್ತಾರೆ. ಅವರಿಗೆ ಬಿಪಿ ಇದೆ. ಡಾಕ್ಟರ್ ಪ್ರತಿ ಸಲ ಮಾತ್ರೆ ಬರೆದು, "ಟೆನ್ಶನ್ ಕಡಿಮೆ ಮಾಡ್ಕೊಳ್ಳಿ" ಎನ್ನುತ್ತಾರೆ. ಅಬ್ಬಾ ತಲೆಯಾಡಿಸಿ ಬರುತ್ತಾರೆ. ಹೇಗೆ ಕಡಿಮೆ ಮಾಡಿಕೊಳ್ಳುವುದು ಎಂದು ಅವರು ಕೇಳುವುದಿಲ್ಲ, ಡಾಕ್ಟರೂ ಹೇಳುವುದಿಲ್ಲ.

ನಾನು ಕೇಳಿದೆ. ಕೇಳಿದ್ದು ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಡಂ ಅವರನ್ನು. ಕಾಮರ್ಸ್ ಹುಡುಗಿ ವಿಜ್ಞಾನ ವಿಭಾಗದ ಸ್ಟಾಫ್ ರೂಮಿಗೆ ಬಂದದ್ದು ನೋಡಿ ಅವರಿಗೆ ಮೊದಲು ನಗು ಬಂತು. ಆಮೇಲೆ ಕೂರಿಸಿಕೊಂಡು ಒಂದು ಹೆಸರು ಬರೆದುಕೊಟ್ಟರು: ಬ್ರೂಸ್ ಮೆಕ್‌ಯೂವನ್. ರಜೆಯಲ್ಲಿ ಅವರ ಬಗ್ಗೆ ಓದಿ, ಅರ್ಥವಾಗದ್ದನ್ನು ಮೇಡಂ ಅವರಿಂದ ಹೇಳಿಸಿಕೊಂಡು ಬರೆದದ್ದು ಈ ಲೇಖನ.

ಹಾರ್ಮೋನು ಹೋಗಿ ಸೇರುವ ಜಾಗ

ಮೆಕ್‌ಯೂವನ್ 1938ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಹುಟ್ಟಿದರು. ಓಬರ್ಲಿನ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, 1964ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಪಿಎಚ್‌ಡಿ ಪಡೆದರು. ಸ್ವಲ್ಪ ಕಾಲ ಸ್ವೀಡನ್ನಿನಲ್ಲಿ ಕೆಲಸ ಮಾಡಿ, 1966ರಲ್ಲಿ ಮತ್ತೆ ರಾಕ್‌ಫೆಲರ್‌ಗೇ ಬಂದರು. 2020ರ ಜನವರಿಯಲ್ಲಿ ತೀರಿಕೊಳ್ಳುವವರೆಗೆ, ಐವತ್ತಕ್ಕೂ ಹೆಚ್ಚು ವರ್ಷ, ಅದೇ ಸಂಸ್ಥೆಯಲ್ಲಿದ್ದರು. ಅಷ್ಟು ವರ್ಷವೂ ಅವರು ಬಿಡದೆ ಹಿಡಿದ ಪ್ರಶ್ನೆ ಒಂದೇ: ರಕ್ತದಲ್ಲಿ ಹರಿಯುವ ಹಾರ್ಮೋನುಗಳು ಮಿದುಳಿಗೆ ಏನು ಮಾಡುತ್ತವೆ, ಅದರಿಂದ ನಮ್ಮ ನಡವಳಿಕೆ ಹೇಗೆ ಬದಲಾಗುತ್ತದೆ?

ಇದು ಅರ್ಥವಾಗಲು ಮೊದಲು ಸ್ವಲ್ಪ ಪೀಠಿಕೆ ಬೇಕು. ನಮ್ಮ ಎರಡು ಕಿಡ್ನಿಗಳ ಮೇಲೆ ಟೋಪಿ ಇಟ್ಟ ಹಾಗೆ ಎರಡು ಚಿಕ್ಕ ಗ್ರಂಥಿಗಳಿವೆ. ಅವುಗಳ ಹೆಸರು ಅಡ್ರಿನಲ್. ನಾವು ಹೆದರಿದಾಗ ಅಥವಾ ಆತಂಕಪಟ್ಟಾಗ ಮಿದುಳಿನ ತಳದಲ್ಲಿರುವ ಹೈಪೊಥಲಮಸ್ ಎಂಬ ಭಾಗ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಪಿಟ್ಯುಟರಿ ಅಡ್ರಿನಲ್‌ಗೆ ಹೇಳುತ್ತದೆ. ಅಡ್ರಿನಲ್ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಇಲಿಗಳಲ್ಲಿ ಇದೇ ಕೆಲಸ ಮಾಡುವ ಹಾರ್ಮೋನಿಗೆ ಕಾರ್ಟಿಕೊಸ್ಟೆರೋನ್ ಎನ್ನುತ್ತಾರೆ. ಈ ಹಾರ್ಮೋನು ರಕ್ತದಲ್ಲಿ ಸಕ್ಕರೆಯನ್ನು ಹೆಚ್ಚಿಸಿ, ತುರ್ತು ಕೆಲಸಕ್ಕೆ ಶಕ್ತಿ ಒದಗಿಸುತ್ತದೆ. ತುರ್ತು ಮುಗಿದ ಮೇಲೆ ಮಿದುಳೇ "ಸಾಕು" ಎಂದು ನಿಲ್ಲಿಸುತ್ತದೆ.

ಅಂದರೆ ಕಾರ್ಟಿಸಾಲ್ ಕೆಟ್ಟದ್ದಲ್ಲ. ನಾವು ಬೆಳಿಗ್ಗೆ ಏಳುವ ಹೊತ್ತಿಗೆ ಅದು ಪ್ರತಿದಿನ ತಾನಾಗಿಯೇ ಏರುತ್ತದೆ, ರಾತ್ರಿಯಾದಂತೆ ಇಳಿಯುತ್ತದೆ. ಅದಿಲ್ಲದೆ ನಾವು ಬದುಕುವುದೇ ಕಷ್ಟ.

1960ರ ದಶಕದಲ್ಲಿ ವಿಜ್ಞಾನಿಗಳಿಗೆ ಇಷ್ಟು ಗೊತ್ತಿತ್ತು. ಹಾರ್ಮೋನು ಮಿದುಳಿನ ಮೇಲೆ ಕೆಲಸ ಮಾಡಿದರೂ ಅದು ಮುಖ್ಯವಾಗಿ ಹೈಪೊಥಲಮಸ್‌ನಲ್ಲಿ ಇರಬೇಕು ಎಂಬುದು ಆಗಿನ ಊಹೆ. ಮೆಕ್‌ಯೂವನ್, ಜೇ ವೈಸ್ ಮತ್ತು ಲೆಸ್ಲಿ ಶ್ವಾರ್ಟ್ಸ್ ಸೇರಿ ಇದನ್ನು ಪರೀಕ್ಷಿಸಿ ನೋಡಿದರು. ಅಡ್ರಿನಲ್ ಗ್ರಂಥಿ ತೆಗೆದ ಇಲಿಗಳಿಗೆ ವಿಕಿರಣದ ಗುರುತು ಹಾಕಿದ ಕಾರ್ಟಿಕೊಸ್ಟೆರೋನ್ ಕೊಟ್ಟು, ಅದು ಮಿದುಳಿನ ಯಾವ ಭಾಗದಲ್ಲಿ ಉಳಿಯುತ್ತದೆ ಎಂದು ಹುಡುಕಿದರು. ನಾವು ಒಂದು ನೋಟಿನ ಮೇಲೆ ಗುರುತು ಹಾಕಿ ಅದು ಯಾರ ಗಲ್ಲಾಪೆಟ್ಟಿಗೆ ಸೇರುತ್ತದೆಂದು ನೋಡಿದ ಹಾಗೆ.

ಆ ಹಾರ್ಮೋನು ಹೆಚ್ಚಾಗಿ ಹಿಡಿದು ನಿಂತದ್ದು ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ. ಅದು ನಮ್ಮ ನೆನಪುಗಳನ್ನು ಕಟ್ಟುವ ಜಾಗ. ಈ ಸಂಶೋಧನೆ 1968ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಭಯದ ಹೊತ್ತಿನಲ್ಲಿ ಹೊರಡುವ ಹಾರ್ಮೋನು ನೇರವಾಗಿ ನೆನಪಿನ ಕೋಣೆಗೇ ಹೋಗಿ ಕೂರುತ್ತದೆ ಎಂಬುದು ಗೊತ್ತಾಯಿತು.

ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ನನ್ನ ಪರೀಕ್ಷೆಯ ದಿನವನ್ನು ನೆನಪಿಸಿಕೊಂಡೆ. ಇದಕ್ಕೆ ಹತ್ತಿರದ ಇನ್ನೊಂದು ಪ್ರಯೋಗವನ್ನು ಮೇಡಂ ಹೇಳಿದರು. 1998ರಲ್ಲಿ ಡಿ ಕ್ವೆರ್ವೇನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇಲಿಗಳಿಗೆ ನೀರಿನ ತೊಟ್ಟಿಯಲ್ಲಿ ಅಡಗಿದ ಮೆಟ್ಟಿಲೊಂದನ್ನು ಹುಡುಕುವುದು ಕಲಿಸಿದರು. ಕಲಿತ ಮೇಲೆ ಪರೀಕ್ಷೆಗೆ ಅರ್ಧ ಗಂಟೆ ಮುಂಚೆ ಸಣ್ಣ ಶಾಕ್ ಕೊಟ್ಟರೆ ಇಲಿಗಳು ತಡವರಿಸುತ್ತಿದ್ದವು. ಆದರೆ ಎರಡು ನಿಮಿಷ ಮುಂಚೆ ಕೊಟ್ಟರೆ ಅಥವಾ ನಾಲ್ಕು ಗಂಟೆ ಮುಂಚೆ ಕೊಟ್ಟರೆ ಏನೂ ತೊಂದರೆಯಾಗಲಿಲ್ಲ. ಏಕೆಂದರೆ ಹಾರ್ಮೋನು ರಕ್ತದಲ್ಲಿ ಏರಲು ಸಮಯ ಬೇಕು, ಇಳಿಯಲೂ ಸಮಯ ಬೇಕು. ಕಲಿತದ್ದು ಅಳಿಸಿಹೋಗಿರಲಿಲ್ಲ, ಆ ಹೊತ್ತಿಗೆ ಕೈಗೆ ಸಿಗುತ್ತಿರಲಿಲ್ಲ ಅಷ್ಟೆ.

ಗೆಳೆಯರೇ, ಪರೀಕ್ಷೆಗೆ ಅರ್ಧ ಗಂಟೆ ಮುಂಚೆ ನಾವೆಲ್ಲ ಎಲ್ಲಿರುತ್ತೇವೆ? ಗೇಟಿನ ಹತ್ತಿರ. "ಆ ಚಾಪ್ಟರ್ ಓದಿದ್ಯಾ? ಅದೇ ಬರುತ್ತಂತೆ" ಎಂದು ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಪುಸ್ತಕ ತೆಗೆದು ಪುಟ ಹುಡುಕುತ್ತಾರೆ. ಆ ದಿನ ನಾನೂ ಅಲ್ಲೇ ಇದ್ದೆ.

ಕೊಂಬೆ ಕಳೆದುಕೊಳ್ಳುವ ಮರ

ಒಂದು ದಿನದ ಭಯದ ಕತೆ ಇದು. ತಿಂಗಳುಗಟ್ಟಲೆ ಭಯವಿದ್ದರೆ?

ನಮ್ಮ ಮಿದುಳಿನ ನರಕೋಶಗಳು ಮರದ ಹಾಗಿರುತ್ತವೆ. ಕೊಂಬೆ, ರೆಂಬೆಗಳನ್ನು ಚಾಚಿ ಪಕ್ಕದ ಕೋಶಗಳಿಂದ ಸುದ್ದಿ ಪಡೆಯುತ್ತವೆ. 1992ರಲ್ಲಿ ಮೆಕ್‌ಯೂವನ್ ಅವರ ಪ್ರಯೋಗಾಲಯದವರು ಇಲಿಗಳನ್ನು ದಿನಕ್ಕೆ 6 ಗಂಟೆಯಂತೆ 21 ದಿನ ಅಲುಗಾಡದಂತೆ ಇಕ್ಕಟ್ಟಿನಲ್ಲಿ ಇಟ್ಟರು. ಆಮೇಲೆ ನೋಡಿದಾಗ ಹಿಪೊಕ್ಯಾಂಪಸ್‌ನ ಕೆಲವು ನರಕೋಶಗಳ ಕೊಂಬೆಗಳು ಮೋಟಾಗಿದ್ದವು. ಕೋಶಗಳು ಸತ್ತಿರಲಿಲ್ಲ, ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ ಹಾಗೆ ಕುಗ್ಗಿದ್ದವು. ಒತ್ತಡ ನಿಂತ ಮೇಲೆ ಆ ಕೊಂಬೆಗಳು ಮತ್ತೆ ಬೆಳೆದವು.

ದೊಡ್ಡವರ ಮಿದುಳು ಒಮ್ಮೆ ಬೆಳೆದ ಮೇಲೆ ಹೆಚ್ಚು ಬದಲಾಗುವುದಿಲ್ಲ ಎಂದು ಬಹಳ ಕಾಲ ನಂಬಲಾಗಿತ್ತು. ಆ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಮೆಕ್‌ಯೂವನ್ ಮತ್ತು ಅವರ ಶಿಷ್ಯರು ಪ್ರಮುಖರು. ಅವರಲ್ಲಿ ಕ್ಯಾಥರೀನ್ ವೂಲಿ ಎಂಬ ವಿದ್ಯಾರ್ಥಿನಿಯ ಕೆಲಸ ನನಗೆ ತುಂಬ ಹಿಡಿಸಿತು. ಆಗೆಲ್ಲ ಇಂಥ ಪ್ರಯೋಗಗಳಿಗೆ ಹೆಚ್ಚಾಗಿ ಗಂಡು ಇಲಿಗಳನ್ನೇ ಬಳಸುತ್ತಿದ್ದರು. ಹೆಣ್ಣು ಇಲಿಗಳಲ್ಲಿ ಹಾರ್ಮೋನುಗಳು ನಾಲ್ಕೈದು ದಿನಕ್ಕೊಮ್ಮೆ ಏರಿಳಿಯುವುದರಿಂದ ಲೆಕ್ಕ ತಪ್ಪುತ್ತದೆ ಎಂಬ ಯೋಚನೆ. ವೂಲಿ 1990ರಲ್ಲಿ ಆ ಏರಿಳಿತವನ್ನೇ ಗಮನಿಸಿದರು. ಹೆಣ್ಣು ಇಲಿಯ ಹಿಪೊಕ್ಯಾಂಪಸ್‌ನಲ್ಲಿ ನರಕೋಶದ ಕೊಂಬೆಗಳ ಮೇಲಿರುವ ಮುಳ್ಳಿನಂಥ ಚಿಕ್ಕ ಚಾಚುಗಳು ಈಸ್ಟ್ರೊಜನ್ ಹಾರ್ಮೋನು ಏರಿದಾಗ ಹೆಚ್ಚುತ್ತವೆ, ಕೆಲವೇ ದಿನಗಳಲ್ಲಿ ಕಡಿಮೆಯಾಗುತ್ತವೆ. ಹೆಣ್ಣಿನ ಹಾರ್ಮೋನು ಮಕ್ಕಳನ್ನು ಹೆರುವುದಕ್ಕೆ ಮಾತ್ರ ಇರುವುದಲ್ಲ, ಕಲಿಕೆ ಮತ್ತು ನೆನಪಿನ ಜಾಗವನ್ನೂ ಅದು ಕಟ್ಟುತ್ತದೆ ಎಂದು ಇದರಿಂದ ಗೊತ್ತಾಯಿತು. ಲೆಕ್ಕ ತಪ್ಪಿಸುತ್ತದೆ ಎಂದು ಬದಿಗಿಟ್ಟದ್ದರಲ್ಲೇ ಉತ್ತರವಿತ್ತು.

ಇನ್ನೊಬ್ಬ ಶಿಷ್ಯರು ರಾಬರ್ಟ್ ಸಪೋಲ್ಸ್ಕಿ. ಅವರು ಕೀನ್ಯಾ ದೇಶದ ಬಯಲಿನಲ್ಲಿ ಬಬೂನ್ ಎಂಬ ದೊಡ್ಡ ಮಂಗಗಳ ಹಿಂಡಿನ ಹಿಂದೆ ವರ್ಷಗಟ್ಟಲೆ ತಿರುಗಿದರು. ಅರಿವಳಿಕೆಯ ಮುಳ್ಳನ್ನು ಊದುಕೊಳವೆಯಿಂದ ಹಾರಿಸಿ, ಮಂಗ ಮಲಗಿದ ಮೇಲೆ ರಕ್ತ ತೆಗೆದು ಹಾರ್ಮೋನು ಅಳೆಯುತ್ತಿದ್ದರು. ಹಿಂಡಿನಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದು ಗಟ್ಟಿಯಾಗಿ ನಿಂತಿದ್ದಾಗ, ಕೆಳಗಿನ ಸ್ಥಾನದ ಗಂಡು ಮಂಗಗಳ ರಕ್ತದಲ್ಲಿ ಸುಮ್ಮನಿದ್ದಾಗಲೂ ಒತ್ತಡದ ಹಾರ್ಮೋನು ಹೆಚ್ಚಿರುವುದು ಕಂಡಿತು. ಎಲ್ಲರಿಂದಲೂ ಬೈಸಿಕೊಳ್ಳುವವನ ದೇಹ ಸದಾ ತುರ್ತಿನಲ್ಲೇ ಇರುತ್ತದೆ.

ಬೆಂಗಳೂರಿನ ಪಾಲು

ಈ ಕತೆಯಲ್ಲಿ ನಮ್ಮ ರಾಜ್ಯದ ಪಾಲೂ ಇದೆ ಎಂದು ತಿಳಿದಾಗ ನನಗೆ ಖುಷಿಯಾಯಿತು. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವಿದೆ, ಎನ್‌ಸಿಬಿಎಸ್ ಎಂದು ಕರೆಯುತ್ತಾರೆ. ಅಲ್ಲಿನ ಸುಮಂತ್ರ ಚಟ್ಟರ್ಜಿ ಅವರ ತಂಡ ಮತ್ತು ನಿಮ್ಹಾನ್ಸ್‌ನ ಶಂಕರನಾರಾಯಣ ರಾವ್ ಸೇರಿ 2002ರಲ್ಲಿ ಒಂದು ಮುಖ್ಯ ಸಂಶೋಧನೆ ಪ್ರಕಟಿಸಿದರು. ಅವರು ನೋಡಿದ್ದು ಹಿಪೊಕ್ಯಾಂಪಸ್ ಜೊತೆಗೆ ಅಮಿಗ್ಡಾಲ ಎಂಬ ಇನ್ನೊಂದು ಭಾಗವನ್ನು. ಅದು ಭಯವನ್ನು ಗುರುತಿಸುವ, ನೆನಪಿಡುವ ಜಾಗ.

ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಒತ್ತಡದಲ್ಲಿಟ್ಟಾಗ ಹಿಪೊಕ್ಯಾಂಪಸ್‌ನ ಕೊಂಬೆಗಳು ಕುಗ್ಗಿದವು, ಅಮಿಗ್ಡಾಲದ ಕೊಂಬೆಗಳು ಬೆಳೆದವು! ಒಂದೇ ಒತ್ತಡ, ಒಂದೇ ಮಿದುಳು, ಎರಡು ವಿರುದ್ಧ ಪರಿಣಾಮ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ನೆನಪಿನ ಖಾತೆಗೆ ಖರ್ಚು, ಭಯದ ಖಾತೆಗೆ ಜಮೆ. 2004ರಲ್ಲಿ ಅದೇ ತಂಡ ಇನ್ನೊಂದು ವಿಷಯ ತೋರಿಸಿತು. ಒತ್ತಡ ನಿಲ್ಲಿಸಿ 21 ದಿನ ಆರಾಮವಾಗಿ ಬಿಟ್ಟರೆ ಹಿಪೊಕ್ಯಾಂಪಸ್ ಮೊದಲಿನಂತಾಯಿತು, ಆದರೆ ಅಮಿಗ್ಡಾಲದ ಬೆಳವಣಿಗೆ ಹಾಗೇ ಉಳಿಯಿತು. ಕಷ್ಟ ಮುಗಿದ ಮೇಲೂ ಕೆಲವರಿಗೆ ಹೆದರಿಕೆ ಏಕೆ ಹೋಗುವುದಿಲ್ಲ ಎಂಬುದಕ್ಕೆ ಇದೊಂದು ಸುಳಿವು. ಮೆಕ್‌ಯೂವನ್ ಮುಂದೆ ತಮ್ಮ ಬರಹಗಳಲ್ಲಿ ಈ ಬೆಂಗಳೂರಿನ ಕೆಲಸವನ್ನು ಉಲ್ಲೇಖಿಸಿದರು, ಚಟ್ಟರ್ಜಿ ಅವರ ಜೊತೆ ಸೇರಿಯೂ ಬರೆದರು.

ದೇಹದ ಸವಕಳಿ

ಈಗ ನಮ್ಮ ವಿಷಯಕ್ಕೆ ಬರೋಣ. ಸವಕಳಿ ಎಂದರೇನು? ಬಳಸಿ ಬಳಸಿ ಆಸ್ತಿ ಸವೆಯುವುದರಿಂದ ಅದರ ಬೆಲೆ ವರ್ಷ ವರ್ಷ ಇಳಿಯುವುದು. ಕಾಮರ್ಸಿನವರೆಲ್ಲ ಇದನ್ನು ಬಾಯಿಪಾಠ ಮಾಡಿರುತ್ತೇವೆ. 1993ರಲ್ಲಿ ಮೆಕ್‌ಯೂವನ್ ಮತ್ತು ಎಲಿಯಟ್ ಸ್ಟೆಲ್ಲರ್ ದೇಹಕ್ಕೂ ಇಂಥದ್ದೇ ಒಂದು ಕಲ್ಪನೆ ಕೊಟ್ಟರು. ಅದರ ಹೆಸರು ಅಲೊಸ್ಟಾಟಿಕ್ ಲೋಡ್. ಬದಲಾಗುವ ಪರಿಸ್ಥಿತಿಗೆ ಹೊಂದಿಕೊಳ್ಳಲು ದೇಹ ಹಾರ್ಮೋನು, ರಕ್ತದೊತ್ತಡ, ಹೃದಯದ ಬಡಿತ ಎಲ್ಲವನ್ನೂ ಏರಿಳಿಸುತ್ತದೆ. ಅದು ನಮ್ಮನ್ನು ಕಾಪಾಡುತ್ತದೆ. ಆದರೆ ಹೀಗೆ ಮತ್ತೆ ಮತ್ತೆ ಹೊಂದಿಕೊಳ್ಳುವ ಕೆಲಸವೇ ದೇಹವನ್ನು ಸವೆಸುತ್ತದೆ. ನನಗೆ ಇದು ಸವಕಳಿ ಎಂದೇ ಅರ್ಥವಾಯಿತು.

1998ರ ಒಂದು ಲೇಖನದಲ್ಲಿ ಅವರು ಈ ಸವೆತ ನಾಲ್ಕು ಬಗೆಯಲ್ಲಿ ಬರುತ್ತದೆ ಎಂದು ವಿವರಿಸಿದರು. ಮೊದಲನೆಯದು, ಒಂದರ ಹಿಂದೆ ಒಂದು ಹೊಡೆತ ಬೀಳುವುದು. ಎರಡನೆಯದು, ಒಂದೇ ವಿಷಯಕ್ಕೆ ಎಷ್ಟು ಸಲವಾದರೂ ರೂಢಿಯಾಗದಿರುವುದು. ತರಗತಿಯಲ್ಲಿ ಸೆಮಿನಾರ್ ಕೊಡುವಾಗ ಹೆಚ್ಚಿನವರಿಗೆ ಮೂರನೇ ಸಲಕ್ಕೆ ಭಯ ಹೋಗುತ್ತದೆ, ಕೆಲವರಿಗೆ ಹತ್ತನೇ ಸಲವೂ ಕೈ ನಡುಗುತ್ತದೆ. ಅದು ನಾಟಕವಲ್ಲ. ಮೂರನೆಯದು, ಕೆಲಸ ಮುಗಿದ ಮೇಲೂ ಹಾರ್ಮೋನು ಇಳಿಯದಿರುವುದು. ಗಾಡಿ ನಿಲ್ಲಿಸಿದ ಮೇಲೂ ಎಂಜಿನ್ ಆಫ್ ಆಗದಿದ್ದ ಹಾಗೆ. ನಾಲ್ಕನೆಯದು, ಬೇಕಾದಾಗ ಹಾರ್ಮೋನು ಸಾಕಷ್ಟು ಬಾರದೆ, ಅದರ ಹಿಡಿತದಲ್ಲಿರಬೇಕಾದ ಉರಿಯೂತದಂಥ ಕ್ರಿಯೆಗಳು ಮಿತಿಮೀರುವುದು.

ಮೂರನೆಯದನ್ನು ಓದುವಾಗ ನನಗೆ ಅಬ್ಬಾ ಕಣ್ಣ ಮುಂದೆ ಬಂದರು. ರಾತ್ರಿ ಆಟೊ ನಿಲ್ಲಿಸಿ ಬಂದು ಮಲಗಿದರೂ ಅವರಿಗೆ ನಿದ್ದೆ ಇರುವುದಿಲ್ಲ. ಆಟೊದ ಸಾಲದ ಕಂತು, ಡೀಸೆಲ್, ನನ್ನ ಫೀಸು, ತಮ್ಮನ ಫೀಸು. ಲೆಕ್ಕಶಾಸ್ತ್ರ ಕಲಿತ ಹೊಸದರಲ್ಲಿ ನಾನು ಹೆಮ್ಮೆಯಿಂದ ಅಬ್ಬಾನ ಆಟೊಗೆ ಸವಕಳಿ ಲೆಕ್ಕ ಹಾಕಿ ತೋರಿಸಿದ್ದೆ. ವರ್ಷಕ್ಕೆ ಇಷ್ಟು ಬೆಲೆ ಇಳಿಯುತ್ತದೆ ಎಂದು. ಅವರು ನಕ್ಕು, "ಔರ್ ಮೇರಾ?" ಎಂದಿದ್ದರು. ನನ್ನದು ಎಷ್ಟು ಇಳಿಯುತ್ತದೆ ಎಂದು. ಆಗ ಅದು ತಮಾಷೆ ಎಂದುಕೊಂಡು ನಾವೆಲ್ಲ ನಕ್ಕಿದ್ದೆವು.

ವಾಪಸ್ ಬರಬಹುದೇ?

ಬರಬಹುದು ಎಂಬುದೇ ಮೆಕ್‌ಯೂವನ್ ಅವರ ಕೆಲಸದಲ್ಲಿ ನನಗೆ ಧೈರ್ಯ ಕೊಟ್ಟ ವಿಷಯ. 2009ರಲ್ಲಿ ಕಾನರ್ ಲಿಸ್ಟನ್, ಮೆಕ್‌ಯೂವನ್ ಮತ್ತು ಕೇಸಿ ಪ್ರಕಟಿಸಿದ ಅಧ್ಯಯನ ನಡೆದದ್ದು ನಮ್ಮಂಥವರ ಮೇಲೆ, ಅಂದರೆ ಪರೀಕ್ಷೆಗೆ ಓದುತ್ತಿದ್ದ ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ. ದೊಡ್ಡ ಪರೀಕ್ಷೆಗಾಗಿ ವಾರಗಟ್ಟಲೆ ಒತ್ತಡದಲ್ಲಿದ್ದ ವಿದ್ಯಾರ್ಥಿಗಳಿಗೆ ಗಮನವನ್ನು ಒಂದು ವಿಷಯದಿಂದ ಇನ್ನೊಂದಕ್ಕೆ ಬದಲಿಸುವುದು ಕಷ್ಟವಾಗುತ್ತಿತ್ತು. ಮಿದುಳಿನ ಸ್ಕ್ಯಾನ್‌ನಲ್ಲೂ ಮುಂಭಾಗದ ಸಂಪರ್ಕ ದುರ್ಬಲವಾಗಿ ಕಂಡಿತು. ಪರೀಕ್ಷೆ ಮುಗಿದು ಒಂದು ತಿಂಗಳು ಕಳೆದ ಮೇಲೆ ಅದೇ ವಿದ್ಯಾರ್ಥಿಗಳನ್ನು ಮತ್ತೆ ನೋಡಿದರೆ ಎಲ್ಲ ಸರಿಯಾಗಿತ್ತು. ವಯಸ್ಸಾದವರ ಮೇಲೂ ಇಂಥ ಪುರಾವೆ ಇದೆ. 2011ರಲ್ಲಿ ಬೇರೆ ವಿಜ್ಞಾನಿಗಳು ನಡೆಸಿದ ಅಧ್ಯಯನದಲ್ಲಿ 120 ಮಂದಿ ಹಿರಿಯರಿದ್ದರು. ಅವರಲ್ಲಿ ಒಂದು ವರ್ಷ ನಿಯಮಿತವಾಗಿ ವೇಗದ ನಡಿಗೆ ಮಾಡಿದವರ ಹಿಪೊಕ್ಯಾಂಪಸ್ ಸುಮಾರು 2 ಶೇಕಡಾ ಹಿಗ್ಗಿತ್ತು.

ಆದರೆ ಮೆಕ್‌ಯೂವನ್ "ನಡೆಯಿರಿ, ನಿದ್ದೆ ಮಾಡಿ, ಸ್ನೇಹಿತರ ಜೊತೆ ಇರಿ" ಎಂದು ಹೇಳಿ ಸುಮ್ಮನಾದವರಲ್ಲ. ಬಡತನ, ಸುರಕ್ಷಿತವಲ್ಲದ ಬೀದಿ, ಒಂಟಿತನ ಇವೆಲ್ಲ ಚರ್ಮದ ಒಳಗೆ ಇಳಿದು ದೇಹವನ್ನು ಸವೆಸುತ್ತವೆ, ಆದ್ದರಿಂದ ಸರಕಾರ ಮತ್ತು ಕೆಲಸ ಕೊಡುವವರ ನೀತಿಗಳೂ ಆರೋಗ್ಯದ ವಿಷಯವೇ ಎಂದು ಅವರು ಬರೆದರು. "ಟೆನ್ಶನ್ ಕಡಿಮೆ ಮಾಡ್ಕೊಳ್ಳಿ" ಎಂಬ ಮಾತು ಅಬ್ಬಾಗೆ ಏಕೆ ಸಾಲುವುದಿಲ್ಲ ಎಂದು ನನಗೆ ಅರ್ಥವಾದದ್ದು ಇಲ್ಲಿ. ಕಂತು ಕಟ್ಟುವುದು ಅವರ ಕೈಯಲ್ಲಿದೆ, ಕಂತೇ ಇಲ್ಲದಂತೆ ಮಾಡುವುದು ಅವರ ಕೈಯಲ್ಲಿಲ್ಲ.

ನಾನು ಮಾಡಬಹುದಾದದ್ದು ಏನು? ಇದಕ್ಕೆ ಉತ್ತರ ಸಿಕ್ಕಿದ್ದು 1968ರ ಲೇಖನದ ಇನ್ನೊಬ್ಬ ಲೇಖಕ ಜೇ ವೈಸ್ ಅವರ ಪ್ರಯೋಗದಲ್ಲಿ. ಅವರು ಎರಡು ಇಲಿಗಳಿಗೆ ಒಂದೇ ಪ್ರಮಾಣದ ಶಾಕ್ ಕೊಡುತ್ತಿದ್ದರು. ಒಂದಕ್ಕೆ ಶಾಕ್ ಬರುವ ಮೊದಲು ಶಬ್ದ ಕೇಳಿಸುತ್ತಿತ್ತು, ಇನ್ನೊಂದಕ್ಕೆ ಯಾವಾಗ ಬರುತ್ತದೆಂದು ಗೊತ್ತಾಗುತ್ತಿರಲಿಲ್ಲ. ಮುನ್ಸೂಚನೆ ಇಲ್ಲದ ಇಲಿಯ ಹೊಟ್ಟೆಯಲ್ಲಿ ಹುಣ್ಣು ಹೆಚ್ಚಾದವು. ನೋವು ಒಂದೇ ಇದ್ದರೂ, ಯಾವಾಗ ಬರುತ್ತದೆಂದು ಗೊತ್ತಿದ್ದರೆ ದೇಹಕ್ಕೆ ಹಾನಿ ಕಡಿಮೆ.

ಅಂದಿನಿಂದ ನಾನು ಅಬ್ಬಾನ ಲೆಕ್ಕ ಬರೆಯಲು ಶುರುಮಾಡಿದೆ. ಒಂದು ದೊಡ್ಡ ನೋಟ್‌ಬುಕ್. ಪ್ರತಿದಿನ ಎಷ್ಟು ಬಾಡಿಗೆ, ಎಷ್ಟು ಡೀಸೆಲ್, ಯಾರಿಂದ ಬಾಕಿ, ಕಂತಿಗೆ ಎಷ್ಟು ದಿನ, ಎಷ್ಟು ಹಣ ಕೂಡಿದೆ. ರಾತ್ರಿ ಊಟ ಆದ ಮೇಲೆ ಓದಿ ಹೇಳುತ್ತೇನೆ. ಹಣ ಹೆಚ್ಚಾಗಿಲ್ಲ. ಕೆಲವು ತಿಂಗಳು ಕಡಿಮೆಯೇ ಬೀಳುತ್ತದೆ. ಆದರೆ ಕಡಿಮೆ ಬೀಳುತ್ತದೆ ಎಂದು ಈಗ ಹದಿನೈದನೇ ತಾರೀಕಿಗೇ ಗೊತ್ತಾಗುತ್ತದೆ. ಬಿಪಿಗೆ ಮಾತ್ರೆ ನಡೆಯುತ್ತಲೇ ಇದೆ, ಅದನ್ನು ಬಿಡಬಾರದು. ಆದರೆ ಮೊನ್ನೆ ನಾನು ಲೆಕ್ಕ ಓದಿ ಮುಗಿಸುವ ಮುಂಚೆಯೇ ಅಬ್ಬಾ ಕೂತಲ್ಲೇ ನಿದ್ದೆ ಹೋಗಿದ್ದರು. ಅಮ್ಮಿ ಬಂದು ದೀಪ ಆರಿಸಿದರು.

ಕಾಲೇಜಿನ ಸ್ನೇಹಿತರಲ್ಲಿ ನನ್ನದೊಂದು ವಿನಂತಿ. ವಾರ್ಷಿಕ ಪರೀಕ್ಷೆಯ ದಿನ ಗೇಟಿನ ಹತ್ತಿರ ಯಾರೂ ಯಾರನ್ನೂ "ಅದು ಓದಿದ್ಯಾ?" ಎಂದು ಕೇಳುವುದು ಬೇಡ. ಪುಸ್ತಕವನ್ನು ಅರ್ಧ ಗಂಟೆ ಮುಂಚೆ ಬ್ಯಾಗಿಗೆ ಹಾಕೋಣ. ಉಪನ್ಯಾಸಕರಲ್ಲೂ ಒಂದು ವಿನಂತಿ: ಯಾರಾದರೂ ಬಿಳಿ ಹಾಳೆ ಕೊಟ್ಟು ಬಂದರೆ, ಓದಿಲ್ಲ ಎಂದು ತೀರ್ಮಾನಿಸುವ ಮುಂಚೆ ಮರುದಿನ ಒಮ್ಮೆ ಅದೇ ಪ್ರಶ್ನೆ ಕೇಳಿ ನೋಡಿ.

ಅಂದಹಾಗೆ, ಆ ಲೆಕ್ಕದ ಮೊದಲ ಸಾಲು ಹೀಗೆ: ಆಸ್ತಿಯ ಬೆಲೆಯಿಂದ ಗುಜರಿ ಬೆಲೆ ಕಳೆದು, ಅದರ ಆಯುಷ್ಯದ ವರ್ಷಗಳಿಂದ ಭಾಗಿಸಬೇಕು. ಈಗ ಚೆನ್ನಾಗಿ ನೆನಪಿದೆ.